ಯಾವ ಮಗ್ಗಲು ಮೇಲೆ?

ನಮ್ಮ ಮೇಡಂಗೆ ನಾನಿಟ್ಟ ಹೆಸರು ಸೆನ್ಸಾರ್. ನಾನು ಬರೆದಿದ್ದೆಲ್ಲಾ ಕಟ್. ಕೆಲಸ ಏನಪ್ಪಾ ಅಂದ್ರೆ, ನೂರೈವತ್ತು ವರ್ಷದ ಹಿಂದಿನ ಒಬ್ಬ ಖಗೋಳ ವಿಜ್ಞಾನಿಯ ಕಾಗದ-ಪತ್ರಗಳಿಗೆ ಪಟ್ಟಿ ಮಾಡೋದು. ಯಾರು ಬರೆದದ್ದು, ಯಾವತ್ತು ಬರೆದದ್ದು, ಒಂದೇ ಸಾಲಲ್ಲಿ ಏನು ವಿಷಯ. ಒಂದು ಪತ್ರಕ್ಕೆ ನಾನು, ‘ಇಬ್ಬರು ಪಂಡಿತರು, ಒಂದೇ ದೂರದರ್ಶಕ, ಇನ್ನು ಯುದ್ಧವೇ!’ ಅಂತ ಬರೆದಿದ್ದೆ. ಮೇಡಂ ಅದನ್ನ ‘ದೂರದರ್ಶಕದ ಬಗ್ಗೆ ಭಿನ್ನಾಭಿಪ್ರಾಯ’ ಅಂತ ಮಾಡಿದರು. ಕಥೆ ಅಲ್ಲೇ ಸತ್ತೋಯ್ತು.

ಆವತ್ತು ಬೈಂಡರ್ ಮಾವ ಅಂಟಿನ ಡಬ್ಬ ಹಿಡ್ಕೊಂಡು ಬಂದಿದ್ದರು. ವಿಜ್ಞಾನಿ ಒಂದು ಧೂಮಕೇತುವಿನ ದಾರಿ ಲೆಕ್ಕ ಹಾಕಿದ್ದ ಆರು ಹಾಳೆಗಳನ್ನ ಹಿಂದೆ ಯಾರೋ ಪುಣ್ಯಾತ್ಮರು ಆಲ್ಬಮ್ಮಿಗೆ ಅಂಟಿಸಿಬಿಟ್ಟಿದ್ದರು. ಮಾವ ಬೆಳಿಗ್ಗೆಯೆಲ್ಲಾ ಕೂತು ಅವನ್ನ ಹರಿಯದ ಹಾಗೆ ಬಿಡಿಸಿ ಒಣಗಿಸಿದ್ದರು. ಮಧ್ಯಾಹ್ನ ಹೊಸ ರಟ್ಟಿಗೆ ಅಂಟಿಸಬೇಕು. ಆರರಲ್ಲೂ ಒಂದೇ ಲೆಕ್ಕ, ಒಂದೇ ಉತ್ತರ: ಈ ಧೂಮಕೇತು ಹೋಯ್ತು ಅಂದ್ರೆ ಹೋಯ್ತು, ವಾಪಸ್ ಬರಲ್ಲ.

“ಒಂದು ಲೆಕ್ಕಾನ ಆರು ಸಲ ತಾಳೆ ನೋಡಿದ್ದಾರೆ. ನೀನು ಒಂದು ತಾರೀಖನ್ನ ಒಂದು ಸಲ ನೋಡಲ್ಲ,” ಅಂತ ಮೇಡಂ ನನಗೆ ತಿವಿದರು.

ಅದೇ ಆಲ್ಬಮ್ಮಿಂದ ಬಿಡಿಸಿದ ಏಳನೇ ಹಾಳೆ ಖಾಲಿ. ಅದನ್ನ ಕಸದ ಕಡೆ ತಳ್ಳಿದ್ದರು. ನಾನು ಎತ್ಕೊಂಡೆ. ಹಳದಿ ತಿರುಗಿದ ಕಾಗದ, ತಮಾಷೆಗೆ ಹೇಳಿ ಮಾಡಿಸಿದ ಹಾಗಿತ್ತು. ಹೋದ ತಿಂಗಳು ಚಂದ್ರನ ಹೆಸರಲ್ಲಿ ಒಂದು ದೂರು ಬರೆದು, ಚಹಾದಲ್ಲಿ ಅದ್ದಿ, ಮೇಡಂ ಪೆಟ್ಟಿಗೆಗೆ ಸೇರಿಸಿದ್ದೆ. ಪಾಪ, ಎರಡು ಸಾಲಿನವರೆಗೂ ನಂಬಿದ್ದರು.

ಹಾಳೆ ತಿರುಗಿಸಿದೆ. ಬೆನ್ನಲ್ಲಿ ಬರವಣಿಗೆ.

‘ಸ್ವಾಮಿ, ಹಡಗುಕಟ್ಟೆಯ ದರ್ಜಿ ಹೆಂಗಸು ತೀರಿಕೊಂಡರು. ವರ್ಷ ವರ್ಷ ನಿಮಗೆ ಬರೆಯುತ್ತಿದ್ದವರು ಅವರೇ. ಇನ್ನು ಕಾಗದ ಬರುವುದಿಲ್ಲ. ತೊಂದರೆಯಾಗಿದ್ದರೆ ಮನ್ನಿಸಿ. ಇಂತಿ, ಪಕ್ಕದ ಮನೆಯವಳು.’

ಮೇಜಿನ ಮೇಲಿದ್ದ ಹಾಳೆಗಳನ್ನೂ ತಿರುಗಿಸಿದೆ. ಪ್ರತಿ ಲೆಕ್ಕದ ಬೆನ್ನಿಗೂ ಆ ದರ್ಜಿಯ ಒಂದು ಪತ್ರ. ಮೊದಲನೇದರಲ್ಲಿ: ‘ನನ್ನ ಮಗ ಹಡಗು ಹತ್ತಿದ ದಿನ ಆಕಾಶದಲ್ಲಿ ಬಾಲದ ಚುಕ್ಕಿ ಇತ್ತು. ಯಾವಾಗ ಬರುತ್ತೀಯೋ ಅಂದೆ. ಆ ಚುಕ್ಕಿ ಬರುವಾಗ ನಾನೂ ಬರುತ್ತೇನೆ ಅಂದು ನಕ್ಕ. ಅದು ಯಾವಾಗ ಬರುತ್ತದೆ ಸ್ವಾಮಿ?’ ಆಮೇಲಿನವು ಇನ್ನೂ ಚಿಕ್ಕವು. ‘ಈ ವರ್ಷ ಬರುತ್ತದೆಯೇ?’

ಈ ಥರದ ಡೈಲಾಗ್ ನನಗೆ ಚೆನ್ನಾಗಿ ಗೊತ್ತು. ಆವತ್ತು ಬೆಳಿಗ್ಗೆ ಅಮ್ಮ “ಎಷ್ಟೊತ್ತಿಗೆ ಬರ್ತೀಯೋ?” ಅಂದಾಗ ನಾನೂ ಬಾಗಿಲಲ್ಲಿ ಕಾಲರ್ ಏರಿಸಿ, “ಸಿಂಹ ಟೈಮ್ ಹೇಳಿ ಬರಲ್ಲಮ್ಮ” ಅಂದು ಬಂದಿದ್ದೆ.

“ಮೇಡಂ, ಇವನ್ನ ಅಂಟಿಸೋದು ಬೇಡ! ಹಿಂದೆ ಪತ್ರ ಇದೆ!”

ಮೇಡಂ ತಲೆ ಎತ್ತಲಿಲ್ಲ. “ಈ ಸಲ ಯಾರದ್ದಪ್ಪಾ? ಶನಿಯದ್ದಾ?”

“ಶನಿ ಇಲ್ಲೇ ಕೆಲಸಕ್ಕಿದೆಯಲ್ಲ ಮೇಡಂ, ಪತ್ರ ಯಾಕೆ ಬರೆಯುತ್ತೆ?” ಅಂದ್ರು ಮಾವ.

“ಮಾವ, ಬಿಡಿಸುವಾಗ ನೀವಾದ್ರೂ ನೋಡಲಿಲ್ವಾ?”

“ಏನೋ ಗೀಚಿತ್ತಪ್ಪ. ಅಂಟು ಬಿಡಿಸೋದು ನನ್ನ ಕೆಲಸ, ಓದೋದು ನಿಮ್ಮದು. ಲೆಕ್ಕದ ಮಗ್ಗಲು ಮೇಲೆ ಬರಲಿ ಅಂತ ಮೇಡಂ ಹೇಳಿದ್ದಾರೆ.” ಮಾವ ಮೊದಲ ಹಾಳೆ ಮಗುಚಿಟ್ಟು ಬ್ರಷ್ ಅದ್ದಿದರು.

ಒಂದು ಸಲ ಬಳಿದರೆ ಮುಗೀತು, ಆ ಹೆಂಗಸು ಇನ್ನೊಂದು ನೂರು ವರ್ಷ ರಟ್ಟಿಗೆ ಮುಖ ಹಾಕ್ಕೊಂಡು ಬಿದ್ದಿರಬೇಕು. ಕೈ ಅಡ್ಡ ಇಟ್ಟೆ. ಬ್ರಷ್ಷಿನ ಅಂಟೆಲ್ಲಾ ನನ್ನ ಮುಂಗೈಗೆ.

“ಏಯ್ ಹೀರೋ, ತಲೆ ಕೆಟ್ಟಿದೆಯೇನೋ!” ಅಂದ್ರು ಮಾವ.

ಮೇಡಂ ಎದ್ದು ಬಂದರು. ಹಾಳೆ ನೋಡೋಕ್ಕಿಂತ ಮೊದಲು ನನ್ನ ಮುಖ ನೋಡಿದರು. ನಾನು ನಗ್ತಿರಲಿಲ್ಲ. ಆಮೇಲೆ ಕನ್ನಡಕ ಸರಿ ಮಾಡ್ಕೊಂಡು ಓದಿದರು. ಆರನ್ನೂ ಓದಿದರು. ಈ ಕಡೆ ಪ್ರಶ್ನೆ, ಆ ಕಡೆ ಲೆಕ್ಕ.

“ತಾಳೆ ನೋಡಿದ್ದಲ್ಲ ಕಣೋ,” ಅಂದ್ರು ಕೊನೆಗೆ. “ಆಕೆ ಕೇಳಿದಾಗಲೆಲ್ಲಾ ಮತ್ತೆ ಮೊದಲಿಂದ ಹಾಕಿದ್ದಾರೆ. ಎಲ್ಲಾದರೂ ಒಂದು ತಪ್ಪು ಸಿಗಲಿ ಅಂತ.”

ತಪ್ಪು ಸಿಕ್ಕಿರಲಿಲ್ಲ. ಆಕೆಗೆ ಏನು ಬರೆದರೋ, ಬರೆದರೋ ಇಲ್ಲವೋ, ನಮ್ಮ ಪೆಟ್ಟಿಗೇಲಿ ಇಲ್ಲ.

ಮಾವ ಮೆಲ್ಲಗೆ ಬ್ರಷ್ ಕೆಳಗಿಟ್ಟರು. “ಈಗ ಯಾವ ಮಗ್ಗಲು ಮೇಲೆ ಮೇಡಂ?”

“ಎರಡೂ ಕಾಣಬೇಕು.”

“ಹಾಗಾದ್ರೆ ಅಂಟು ಬೇಡ. ರಟ್ಟಲ್ಲಿ ಕಿಟಕಿ ಕೊಯ್ದು ಕೂರಿಸ್ತೀನಿ. ಆರು ಕಿಟಕಿ.”

“ಏಳು.”

“ಅದರದ್ದು ಒಂದು ಕಡೆ ಖಾಲಿ ಅಲ್ವಾ?”

“ಅದೂ ಕಾಣಲಿ,” ಅಂದ್ರು ಮೇಡಂ.

ಪಟ್ಟಿಗೆ ಸಾಲು ಬರೆಯೋದು ನನ್ನ ಪಾಲಿಗೆ ಬಂತು. ‘ಹಡಗುಕಟ್ಟೆಯ ದರ್ಜಿಯಿಂದ. ಧೂಮಕೇತು ಯಾವಾಗ ಬರುತ್ತದೆಂದು ಕೇಳಿದ್ದಾರೆ.’ ಅಷ್ಟೇ ಬರೆದೆ. ಸೆನ್ಸಾರ್ ಒಂದಕ್ಷರ ಕಟ್ ಮಾಡಲಿಲ್ಲ.

ಕೈ ತೊಳ್ಕೊಂಡು ಅಮ್ಮಂಗೆ ಫೋನ್ ಹಚ್ಚಿದೆ.

“ಅಮ್ಮ, ಏಳು ಗಂಟೆಗೆ ಬರ್ತೀನಿ.”

“ಯಾಕೋ,” ಅಂದ್ಲು ಅಮ್ಮ, “ಹುಷಾರಿಲ್ವಾ?”