ಹಿತ್ತಾಳೆ ಹುಲಿಗಳು

ಅವನು ರಿಪೇರಿ ಮಾಡಿದ ಲಿಫ್ಟೊಂದು ಎಷ್ಟು ಹಗುರವಾಗಿಬಿಟ್ಟಿತ್ತೆಂದರೆ, ಹನ್ನೆರಡನೇ ಮಹಡಿಯಲ್ಲಿ ನಿಲ್ಲುವುದನ್ನೇ ಮರೆತು, ಛಾವಣಿ ಸೀಳಿಕೊಂಡು ಹೋಗಿ ಅರ್ಧ ದಿನ ಮೋಡದಲ್ಲಿ ತೇಲಿತ್ತು. ಇಳಿದು ಬಂದಾಗ ಒಳಗಿದ್ದ ಮುದುಕಪ್ಪನ ಕೊಡೆ ತೊಪ್ಪೆಯಾಗಿತ್ತು. "ನಂಬಿಕೆ ಇಲ್ಲದವರು ಬಂದು ಕೊಡೆ ನೋಡಿ, ನಮ್ಮನೇಲೇ ಇದೆ" ಎನ್ನುತ್ತಿದ್ದ ಕಿರಿ ಅಳಿಯ. ಸಾವಿರ ಲಿಫ್ಟುಗಳ ಕಥೆ ಹೇಳಿ ಹೇಳಿ ಮನೆಮಂದಿಯ ಬಾಯಲ್ಲಿ ಅವನು ಸಾವಿರಪ್ಪನಾಗಿದ್ದ.

ಅಂಥ ಸಾವಿರಪ್ಪ ಈಗ, ಬೆಳಿಗ್ಗೆಯಷ್ಟೇ ತಾನೇ ಬಿಚ್ಚಿ ಜೋಡಿಸಿದ ಲಿಫ್ಟಿನೊಳಗೆ, ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ, ಅತ್ತೆಯ ಜೊತೆ ಸಿಕ್ಕಿಹಾಕಿಕೊಂಡಿದ್ದ.

ಅತ್ತೆ ಎಂದರೆ ಅಂತಿಂಥ ಅತ್ತೆಯಲ್ಲ. ಮಾವ ತೀರಿಕೊಂಡ ಮೇಲೆ ಲಿಫ್ಟ್ ರಿಪೇರಿಯ ವರ್ಕ್‌ಶಾಪನ್ನು ಹದಿನೆಂಟು ವರ್ಷ ನಡೆಸಿದವರು. ಮೋಟರಿನ ಸದ್ದು ಕೇಳಿಯೇ ಅದರ ಜಾತಕ ಹೇಳುವವರು. ಈಗ ಮಂಡಿನೋವು. ಇಬ್ಬರು ಅಳಿಯಂದಿರಲ್ಲಿ ಒಬ್ಬರಿಗೆ ವರ್ಕ್‌ಶಾಪಿನ ಬೀಗದಕೈ ಒಪ್ಪಿಸಲು ನಿರ್ಧರಿಸಿ, ಕಿರಿಯವನ ಕೆಲಸ ನೋಡಲು ಬಂದಿದ್ದರು. ಅವರನ್ನು ಬಿಡಿಸಲು ಈಗ ಹೊರಟಿದ್ದವನು ಹಿರಿ ಅಳಿಯ. ಇದಕ್ಕಿಂತ ಲಿಫ್ಟು ಪಾತಾಳಕ್ಕೆ ಇಳಿದಿದ್ದರೆ ಚೆನ್ನಾಗಿತ್ತು ಎನಿಸಿತು ಸಾವಿರಪ್ಪನಿಗೆ.

"ಕರೆಂಟ್ ಹೋಗಿದೆ ಅತ್ತೆ. ಇಲ್ಲದಿದ್ರೆ ನಾನು ಮುಟ್ಟಿದ ಲಿಫ್ಟು ನಿಲ್ಲೋದುಂಟೆ?"

"ದೀಪ ಉರೀತಿದೆಯಲ್ಲ ಅಳಿಯಂದಿರೇ."

"ಅದು ಬೇರೆ ಕರೆಂಟು."

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತರು. ಅಳತೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ದೊಡ್ಡದೊಂದು ತ್ರಿಕೋನ ಬರೆದು, ಅದರ ತುದಿಯಿಂದ ಇಳಿಗೆರೆ, ನಡುವೆ ಅಡ್ಡಗೆರೆ ಎಳೆದರು. ಬ್ಯಾಗಿನ ಬಟ್ಟೆಚೀಲದಿಂದ ಹದಿನೈದು ಕಲ್ಲು ಸುರಿದರು.

"ಹುಲಿ-ಕುರಿ ಆಡೋಣ. ಕುರಿ ನಂದು. ಹುಲಿಗಳನ್ನ ಮೊಮ್ಮಗಳು ಎಲ್ಲೋ ಕಳೆದಿದಾಳೆ. ನಿಮ್ಮ ಜೇಬಲ್ಲಿ ಮೂರು ಏನಾದ್ರೂ ಇದೆಯಾ?"

ಸಾವಿರಪ್ಪ ಹಿಂದೆಮುಂದೆ ನೋಡದೆ ಜೇಬಿಗೆ ಕೈಹಾಕಿ ಮೂರು ಹಿತ್ತಾಳೆ ಚೂರುಗಳನ್ನು ಹಾಕಿದ. ಒಂದೇ ಅಳತೆಯವು, ಗುಂಡಗೆ ಫಳಫಳ.

ಆಟ ಸುಲಭ. ಗೆರೆಗೆ ಗೆರೆ ಕೂಡುವಲ್ಲಿ ಕಲ್ಲು ಕೂರುತ್ತದೆ. ಕುರಿಯವರು ಸರದಿಗೊಂದು ಕುರಿ ಇಡುತ್ತಾ ಹೋಗಬೇಕು. ಹದಿನೈದೂ ಇಳಿಯುವ ತನಕ ಯಾವ ಕುರಿಯೂ ಕದಲುವಂತಿಲ್ಲ. ಹುಲಿ ಮೊದಲಿಂದಲೇ ಓಡಾಡುತ್ತದೆ. ಪಕ್ಕದ ಕುರಿಯ ಆಚೆ ಅದೇ ಗೆರೆಯಲ್ಲಿ ಜಾಗ ಖಾಲಿ ಇದ್ದರೆ ಹಾರಿ ತಿನ್ನುತ್ತದೆ. ಕುರಿಗಳು ಒಂದರ ಬೆನ್ನಿಗೊಂದು ನಿಂತರೆ ಹಾರಲಾರದು. ಐದು ಕುರಿ ತಿಂದರೆ ಹುಲಿ ಗೆದ್ದಿತು. ಮೂರೂ ಹುಲಿಗಳಿಗೆ ಕಾಲಿಡಲು ಜಾಗವಿಲ್ಲದಂತಾದರೆ ಕುರಿ ಗೆದ್ದಿತು.

ಶುರುವಿಗೇ ಎರಡು ಕುರಿ ತಿಂದ ಸಾವಿರಪ್ಪ. "ಹಿಂದೊಮ್ಮೆ ನನ್ನ ಹುಲಿ ಕುರಿ ಸಾಲದೆ ಮಣೆಯನ್ನೇ ತಿಂದಿತ್ತು ಅತ್ತೆ."

"ಹೊಟ್ಟೆ ಕೆಡಲಿಲ್ವಾ?" ಎಂದು ಅತ್ತೆ ಇನ್ನೊಂದು ಕುರಿ ಇಟ್ಟರು.

ಲಿಫ್ಟು ಬೆಂಕಿಪೆಟ್ಟಿಗೆಯಷ್ಟು ಕುಗ್ಗಿತು. ಅವನ ಬೆನ್ನಿನಿಂದ ಏಳು ಬಕೆಟ್ ಬೆವರು ಇಳಿಯಿತು. ಒಂದು ಹುಲಿ ಮೂಲೆಗೆ ಬಿತ್ತು. ಎರಡನೆಯದರ ಸುತ್ತ ಕುರಿಗಳು ಗೋಡೆ ಕಟ್ಟಿದವು. ಮೂರನೆಯದಕ್ಕೆ ಉಳಿದಿದ್ದು ಒಂದೇ ದಾರಿ. ಅತ್ತೆ ಆ ಮೂರನೇ ಹುಲಿಯನ್ನು ಬೆರಳಿಂದ ತಟ್ಟಿದರು. ಹುಲಿ ಉರುಳಿತು.

"ಲಿಫ್ಟಿನ ಬಾಗಿಲ ಬೀಗದ ಉರುಳೆ ಇದು. ಎಲ್ಲಿತ್ತು?"

"ಹಳೇದು ಅತ್ತೆ. ನನ್ನ ನೂರನೇ ಲಿಫ್ಟಿನ ನೆನಪಿಗೆ ಇಟ್ಕೊಂಡಿದೀನಿ."

"ಗ್ರೀಸು ಹಸಿಯಾಗೇ ಇದೆ." ಅತ್ತೆ ಬೆರಳನ್ನು ಅವನ ತೋಳಿಗೇ ಒರೆಸಿದರು.

ಅಷ್ಟರಲ್ಲಿ ಐದನೇ ಮಹಡಿಯ ಬಾಗಿಲು ತೆರೆದ ಸದ್ದಾಯಿತು. ಮೇಲಿಂದ ಹಿರಿ ಅಳಿಯನ ದನಿ: "ಅತ್ತೆ, ಬೀಗದಲ್ಲಿ ಉರುಳೆಗಳೇ ಇಲ್ಲ. ಅಲುಗಾಟಕ್ಕೆ ಬಾಗಿಲು ಸಡಿಲಾಗಿ ಲಿಫ್ಟು ತಾನಾಗೇ ನಿಂತಿದೆ. ಯಾರೋ ಕಳ್ಳ ಬಿಚ್ಕೊಂಡು ಹೋಗಿರಬೇಕು."

ಕಳ್ಳ. ಎಂಥಾ ಒಳ್ಳೆಯ ಕಳ್ಳ. ಮೀಸೆ, ಮುಖವಾಡ, ಓಡಿಹೋದ ದಿಕ್ಕು ಎಲ್ಲ ಸಾವಿರಪ್ಪನ ನಾಲಿಗೆಯ ತುದಿಗೆ ಬಂದವು. ಅತ್ತೆ ಒಂದು ಕುರಿಯನ್ನೆತ್ತಿ ಕೊನೆಯ ಖಾಲಿ ಜಾಗದ ಮೇಲೆ ಹಿಡಿದರು. ಇಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದರು.

"ಕಳ್ಳ ಅಲ್ಲ ಭಾವ," ಎಂದ ಮೇಲಕ್ಕೆ ನೋಡಿ. "ನಾನೇ. ಜೋಡಿಸಿದ ಮೇಲೆ ಮೂರು ಉಳಿದ್ವು. ಎಲ್ಲಿ ಕೂರಿಸೋದು ಗೊತ್ತಾಗಲಿಲ್ಲ. ಕೇಳೋಕೆ ನಾಚಿಕೆಯಾಗಿ ಜೇಬಿಗೆ ಹಾಕ್ಕೊಂಡೆ."

ಅತ್ತೆ ಕುರಿಯನ್ನು ಇಟ್ಟರು.

"ಸಾವಿರದಲ್ಲಿ ಇದು ಎಷ್ಟನೇದು?"

"ಮೊದಲನೇದು ಅತ್ತೆ. ಉಳಿದಿದ್ದಕ್ಕೆಲ್ಲ ಭಾವನ ಹಿಂದೆ ಟಾರ್ಚ್ ಹಿಡಿದು ನಿಂತಿದ್ದೆ. ಬೀಗದಕೈ ಅವರಿಗೇ ಕೊಡಿ."

"ಆ ಕೊಡೆ?"

"ನಂದೇ. ಮಳೇಲಿ ನೆಂದಿದ್ದು."