ಒಂದು ಗೇಣು ಸಂದಿ

ಮುನಿಯಕ್ಕ ಮಳೆಯಲ್ಲಿ ಕೂತು ಮುದ್ದೆ ತೊಳಸುತ್ತಿದ್ದಳು. ತಲೆಗೆ ಗೋಣಿ ಕೊಪ್ಪೆ, ಮುಂದೆ ಹೊಟ್ಟಿನ ಒಲೆ, ಒಲೆಗೆ ಮರೆಯಾಗಿ ಗೋಡೆಗೆ ಒರಗಿಸಿದ ಒಂದು ತುಂಡು ತಗಡು. ತನ್ನ ಕಂಪನಿಯ ಮ್ಯಾನೇಜರಿಗೆ ಛತ್ರಿ ಹಿಡಿದು ಸುದ್ದಗುಂಟೆಪಾಳ್ಯದ ಆ ಗಲ್ಲಿಗೆ ಬರುತ್ತಿದ್ದ ಅನಂತರಾಮು ಮೊದಲು ಇವಳು ಬೇರೆ ಯಾರೋ ಅಂದುಕೊಂಡ. ಮನೆಯಿದ್ದವಳು, ಅದರಲ್ಲೂ ತಾನು ಕೈಯಾರೆ ತಂಪು ಮಾಡಿಕೊಟ್ಟ ಮನೆಯಿದ್ದವಳು, ಶ್ರಾವಣದ ಮಳೆಯಲ್ಲಿ ಬೀದಿಯಲ್ಲಿ ಅಡುಗೆ ಮಾಡುವುದುಂಟೆ? ಅವಳು ಮುಖವೆತ್ತಿದಳು. ಅವಳೇ.

ಅನಂತರಾಮು ಹದಿನಾಲ್ಕು ವರ್ಷದಿಂದ ಕೋಲ್ಡ್ ಸ್ಟೋರೇಜುಗಳ ಗೋಡೆಗೆ ಫೋಮು ಹೊಡೆಯುವ ಕಂಪನಿಯಲ್ಲಿ ಸೂಪರ್‌ವೈಸರ್. ಎರಡು ಡ್ರಮ್ಮಿನ ಮದ್ದು ಸಿಂಪಡಿಸುವ ಗನ್ನಿನ ಬಾಯಲ್ಲಿ ಕೂಡಿ, ನೊರೆಯಾಗಿ ಬಿದ್ದು, ದೋಸೆ ಹಿಟ್ಟಿನಂತೆ ಉಕ್ಕಿ ಗಟ್ಟಿಯಾಗುವ ಆ ಹಳದಿ ಫೋಮು ಅವನಿಗೆ ದೇವರ ಸಮಾನ. ಜೆ.ಪಿ. ನಗರದಲ್ಲಿ ಹೊಸದಾಗಿ ಕಟ್ಟಿಸಿದ ತನ್ನ ಮನೆಯ ತಾರಸಿಗೆ ಹೊಡೆಸಿ ಮೇಲೆ ಗಾರೆ ಹಾಕಿಸಿದ. ಎಂಬತ್ತಮೂರರ ಆ ಸುಡು ಬೇಸಿಗೆಯಲ್ಲೂ ಫ್ಯಾನು ಬೇಡವಾಯಿತು. ಮನೆಗಳಿಗೂ ಇದನ್ನು ಯಾಕೆ ಮಾಡಬಾರದು ಎಂದು ಅವನು ಬರೆದುಕೊಟ್ಟ ಕಾಗದವನ್ನು ಮ್ಯಾನೇಜರ್ ವೆಂಕಟಾಚಲ ಕಡೆಗೂ ಓದಿದ್ದರು. ಹೊಸ ಮನೆಯೇನೋ ಸರಿ, ಹಳೆಯ ಮನೆಗೂ ಆಗುತ್ತದೆ ಅಂತ ತೋರಿಸಿ, ಹೊಸ ಸೆಕ್ಷನ್ನಿಗೆ ನೀವೇ ಇನ್‌ಚಾರ್ಜ್ ಎಂದಿದ್ದರು. ಹಾಗೆ ತೋರಿಸಲು ಅವನಲ್ಲಿದ್ದದ್ದು ಒಂದೇ ಮನೆ, ತನ್ನ ಮನೆಗೆಲಸದ ಮುನಿಯಕ್ಕನದು.

ಬೇಸಿಗೆಯಲ್ಲಿ ಅವಳು ನೆಲ ಒರೆಸುತ್ತ, ತನ್ನ ಅತ್ತೆ ಸಪ್ಪಲಮ್ಮ ಸಿಮೆಂಟು ಶೀಟಿನ ಕಾವಿಗೆ ತಲೆ ತಿರುಗಿ ಬಿದ್ದಳೆಂದು ಅವನ ಹೆಂಡತಿ ಸತ್ಯಭಾಮೆಗೆ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಬೇರೆ ಕಡೆ ಮಿಕ್ಕಿದ್ದ ಮದ್ದು ತಂದು ಶೀಟಿನ ಅಡಿಗೆಲ್ಲ ಹೊಡೆಸಿದ. ಗೋಡೆಗೂ ಶೀಟಿಗೂ ನಡುವೆ ಸುತ್ತಲೂ ಒಂದು ಗೇಣು ಸಂದಿಯಿತ್ತು. "ಇಲ್ಲಿಂದ್ಲೇ ನೋಡು ಬಿಸಿ ಒಳಗೆ ಬರೋದು" ಎಂದು ತಾನೇ ಗನ್ನು ಹಿಡಿದು ಅದನ್ನೂ ತುಂಬಿದ. ಅಲ್ಲಿಂದಾಚೆಗೆ ಆಫೀಸಿನಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯಲ್ಲಿ ಈ ಕಥೆ ಹೇಳದ ದಿನವಿಲ್ಲ. "ಹೇಗಿದೆ ಮುನಿಯಕ್ಕ ಮನೆ?" ಎಂದಾಗಲೆಲ್ಲ ಅವಳು "ತಣ್ಣಗೈತೆ ಸಾಮಿ" ಅನ್ನುತ್ತಿದ್ದಳು. ಮಳೆ ಹಿಡಿದ ಮೇಲೆ ಅವಳು ತಡವಾಗಿ ಬರುತ್ತಾಳೆಂದು ಸತ್ಯಭಾಮೆ ಎರಡು ಸಲ ಗದರಿದಾಗ, ಅವನು ಪೇಪರಿನ ಹಿಂದಿನಿಂದಲೇ "ಸುಖ ಹೆಚ್ಚಾಯ್ತು ಅವಳಿಗೆ" ಅಂದಿದ್ದ.

"ಏನಮ್ಮ, ಮನೆ ಬಿಟ್ಟು ಮಳೇಲಿ ಯಾಕೆ ಒಲೆ ಹಚ್ಚಿದೀಯ?" ಎಂದರು ವೆಂಕಟಾಚಲ.

ಮುನಿಯಕ್ಕ ಅನಂತರಾಮುವಿನ ಮುಖ ನೋಡಿದಳು. ಅವನ ಕೈಯಲ್ಲಿದ್ದ ಛತ್ರಿ ನೋಡಿದಳು, ಛತ್ರಿಯ ಅಡಿಯಲ್ಲಿದ್ದ ದೊಡ್ಡ ಮನುಷ್ಯರನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಒಳಗೆ ಬಲೇ ತಂಪು ಸಾಮಿ. ಕುಂತ್ರೆ ನಿದ್ದೆ ಬಂದ್ಬುಡ್ತದೆ. ಮುದ್ದೆ ಗಂಟಾಯ್ತದೆ ಅಂತ ಈಚೆ ಕುಂತೆ."

ವೆಂಕಟಾಚಲ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. "ಕೇಳಿದ್ರೇನ್ರೀ? ಇದನ್ನೇ ಜಾಹೀರಾತಿಗೆ ಹಾಕ್ಬಹುದು!"

ಒಳಗೆ ತಂಪಾಗಿಯೇ ಇತ್ತು, ಅದೇನೂ ಸುಳ್ಳಲ್ಲ. ಆದರೆ ಒಲೆ ಹೂಡುವ ಮೂಲೆಯಲ್ಲಿ ಫೋಮು ಮಸಿ ಹಿಡಿದು ಕಪ್ಪಾಗಿತ್ತು. ಸಪ್ಪಲಮ್ಮ ಚಾಪೆಯ ಮೇಲೆ ಕೂತು ಕೆಮ್ಮುತ್ತಿದ್ದಳು. ಅವಳ ಕಣ್ಣು ಕೆಂಪಡರಿ ನೀರು ಸೋರುತ್ತಿತ್ತು. ವೆಂಕಟಾಚಲ ಗೋಡೆಯ ತಲೆಗೆ, ಸಂದಿಯಿದ್ದ ಕಡೆ, ಬೆರಳೊತ್ತಿ ನೋಡಿದರು.

"ಫಸ್ಟ್ ಕ್ಲಾಸ್ ಕೆಲಸ. ಒಂದು ಇರುವೆ ನುಗ್ಗೋಕೂ ಜಾಗ ಇಲ್ಲ. ಭಾನುವಾರ ಡೈರೆಕ್ಟರನ್ನ ಕರ್ಕೊಂಡು ಬರ್ತೀನಿ. ಸೆಕ್ಷನ್ ನಿಮ್ಮದೇ ಅಂದ್ಕೊಳ್ಳಿ ಅನಂತರಾಮು."

ಕೋಲ್ಡ್ ಸ್ಟೋರೇಜಿನಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಅನಂತರಾಮುವಿನ ಮನೆಯಲ್ಲಿದ್ದದ್ದು ಗ್ಯಾಸು. ಹದಿನಾಲ್ಕು ವರ್ಷದ ಅವನ ಅನುಭವದಲ್ಲಿ ಹೊಗೆ ಎಂಬ ಪದಾರ್ಥವೇ ಇರಲಿಲ್ಲ. ಈಗಲಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಅವನು "ಥ್ಯಾಂಕ್ಸ್ ಸಾರ್" ಅಂದ. ಅಂದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ವೆಂಕಟಾಚಲ ಛತ್ರಿ ತೆಗೆದುಕೊಂಡು, ಗಲ್ಲಿಯ ಬಾಯಲ್ಲಿ ನಿಲ್ಲಿಸಿದ್ದ ಕಾರಿನತ್ತ ನಡೆದರು. ಅನಂತರಾಮು ಈಗ ಬಂದೆ ಎಂದು ಹಿಂದೆಯೇ ಉಳಿದ.

"ನಂಗ್ಯಾಕೆ ಹೇಳ್ಲಿಲ್ಲ ಮುನಿಯಕ್ಕ?"

"ಎಂಗೇಳ್ಲಿ ಸಾಮಿ? ಮೊದ್ಲು ಹೊಗೆಯೆಲ್ಲ ಆ ಸಂದೀಲಿ ಹೋಯ್ತಿತ್ತು. ಈಗ ಹೋಗಾಕಿಲ್ಲ. ಮಳೆ ಜೋರಾದ್ರೆ ಒಳಗೇ ಹಚ್ತೀನಿ, ಪಾಪ ಅತ್ತೆ ಕಣ್ಣಿಗೇ ಬಾಧೆ. ನೀವು ಪುಗಸಟ್ಟೆ ಮಾಡ್ಕೊಟ್ಟಿದ್ದು. ದಾನ ಕೊಟ್ಟ ಎಮ್ಮೆ ಹಲ್ಲು ಹಿಡ್ದು ನೋಡ್ದಂಗಾಯ್ತದೆ ಅಂತ ಸುಮ್ಕಿದ್ದೆ."

"ಮಚ್ಚಿದ್ರೆ ಕೊಡು."

"ಬ್ಯಾಡಿ ಸಾಮಿ. ಭಾನ್ವಾರ ದೊಡ್ಡೋರು ಬತ್ತಾರಂತಲ್ಲ, ಬಂದೋಗ್ಲಿ. ನಿಮ್ಮ ಮರ್ವಾದೆ ಇರ್ತದೆ. ಇನ್ನು ನಾಕು ದಿವ್ಸ ತಾನೆ?"

ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಮೂಲೆಯಲ್ಲಿದ್ದ ಮಚ್ಚನ್ನು ತಾನೇ ಎತ್ತಿಕೊಂಡು ಒರಳುಕಲ್ಲಿನ ಮೇಲೆ ಹತ್ತಿ, ಗೋಡೆಯ ತಲೆಯ ಫೋಮಿಗೆ ಒಂದೇಟು ಹಾಕಿದ. ಕೆಲಸ ಚೆನ್ನಾಗಿಯೇ ಮಾಡಿದ್ದ. ಅದು ಸುಲಭಕ್ಕೆ ಬಿಡಲಿಲ್ಲ. ಕಾರಿನ ಹಾರನ್ ಕೇಳಿಸಿತು. ಇನ್ನೊಂದು ಸಲ ಕೇಳಿಸಿತು. ಆಮೇಲೆ ಬಾಗಿಲಲ್ಲಿ ವೆಂಕಟಾಚಲರೇ ಬಂದು ನಿಂತರು.

"ಏನ್ರೀ ಮಾಡ್ತಾ ಇದೀರ?"

ಅನಂತರಾಮುವಿನ ಮಚ್ಚು ಅರ್ಧಕ್ಕೇ ನಿಂತಿತು. ಮುನಿಯಕ್ಕ ಮುಂದೆ ಬಂದಳು.

"ಎಷ್ಟು ದಪ್ಪ ಕೂತೈತೆ ಅಂತ ಅಳತೆ ನೋಡ್ತಾವ್ರೆ ಸಾಮಿ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಅಳತೆ ಅಲ್ಲ ಸಾರ್," ಎಂದು ಗೋಡೆಗೆ ಹೇಳಿದ. "ಒಳಗೆ ಒಲೆ ಹಚ್ಚೋ ಹಾಗಿಲ್ಲ, ಹೊಗೆ ಹೋಗಲ್ಲ. ನಾನು ಮಾಡಿರೋ ತಪ್ಪು."

ವೆಂಕಟಾಚಲ ಮಸಿ ಹಿಡಿದ ಮೂಲೆಯತ್ತ ನೋಡಿದರು. ಅನಂತರಾಮು ಮತ್ತೆ ಮಚ್ಚೆತ್ತಿದ. ಹಳದಿ ಚೂರುಗಳು ಕೆಳಗೆ, ಬಾಯಿ ತೆರೆದಿಟ್ಟಿದ್ದ ರಾಗಿ ಹಿಟ್ಟಿನ ಡಬ್ಬದ ಸುತ್ತ ಉದುರತೊಡಗಿದವು. ಮುನಿಯಕ್ಕ ಒರಳಿನ ಪಕ್ಕಕ್ಕೆ ಬಂದು, ಒದ್ದೆ ಸೆರಗನ್ನು ಎರಡು ಕೈಯಲ್ಲಿ ಅಗಲಿಸಿ ಒಡ್ಡಿ ನಿಂತಳು.