ಗೆರೆ ಇಲ್ಲದ ಕಾಯಿಲ್

ಬಟ್ಟೆಗೆ ಬಿಳಿ ಹತ್ತಿಲ್ಲ, ಬರೀ ಎಣ್ಣೆಯ ಕಪ್ಪು, ಹಾಗಾದರೆ ಒರೆಸಿ ಹೋದದ್ದಲ್ಲ, ಗೆರೆ ಇರಲೇ ಇಲ್ಲ — ಅವಳು ಕಾಯಿಲನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು, ಎಂಜಿನ್ನಿನ ಪ್ಲಗ್ಗಿಗೆ ಕಿಡಿ ಕೊಡುವ ಗೇಣುದ್ದದ ಕಪ್ಪು ಕೊಳವೆ, ಅದರ ತಲೆಯ ಮೇಲೆ ಸೀಮೆಸುಣ್ಣದ ಗೆರೆ ಇರಬೇಕಿತ್ತು, ನಿನ್ನೆ ಸಂಜೆ ತಾನೇ ಕೈಯಾರೆ ಎಳೆದದ್ದು, ಅನುಮಾನದ ಸಾಮಾನನ್ನು ಕಿತ್ತ ಕೂಡಲೇ ಗೆರೆ ಎಳಿ, ಉಸಿರು ಆಮೇಲೆ ಬಿಡು ಅಂತ ಅಪ್ಪ ಕಲಿಸಿದ್ದು, ಈ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ನಡೆದು ಬಂದ ಪದ್ಧತಿ, ಅಪ್ಪನ ಸ್ಪ್ಯಾನರುಗಳ ಜೊತೆಗೇ ಅವಳ ಕೈಗೆ ಬಂದದ್ದು. ಇಲ್ಲ, ಇದು ಮೂರನೇದೇ, ಮೂರನೇ ಸಿಲಿಂಡರಿನಿಂದಲೇ ಕಿತ್ತೆನಲ್ಲ — ಮೂರರಿಂದಲೇ, ಅದೇ ತಪ್ಪು, ಅಯ್ಯೋ ಕರ್ಮವೇ, ಮೂರರಿಂದಲೇ ಕಿತ್ತೆ.

ನಿಧಾನ, ಮೊದಲಿಂದ ಯೋಚಿಸು. ಅಕ್ಕನ ಕಾರು ಬಿಸಿಯಾದರೆ ಏರಿನಲ್ಲಿ ಮುಕ್ಕರಿಸುತ್ತದೆ, ತಣ್ಣಗಿದ್ದಾಗ ಸಾಕಿದ ಬೆಕ್ಕು, ಸ್ಕ್ಯಾನರ್ ಹಾಕಿದರೆ ಮೂರನೇ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಅಂತು, ಪ್ಲಗ್ ತೆಗೆದು ನೋಡಿದಳು, ಪ್ಲಗ್ ಲಕ್ಷಣವಾಗಿತ್ತು, ಸರಿ, ಮೂರರ ಕಾಯಿಲಿಗೆ ಗೆರೆ ಎಳೆದು ಒಂದಕ್ಕೆ ಹಾಕು, ಒಂದರದ್ದನ್ನು ಮೂರಕ್ಕೆ, ರೋಗ ಕಾಯಿಲಿನ ಜೊತೆ ಜಾಗ ಬದಲಿಸಿದರೆ ಕಾಯಿಲೇ ಕಳ್ಳ, ಬೆಟ್ಟದ ಬುಡದ ತನಕ ಓಡಿಸಿಕೊಂಡು ಬಂದಾಗ ಸ್ಕ್ಯಾನರ್ ಒಂದು ಅಂತು, ಸಿಕ್ಕಿಬಿದ್ದೆ ಮಗನೇ ಅಂತ ಒಬ್ಬಳೇ ನಕ್ಕಿದ್ದಳು ಕೂಡ, ಎಂಜಿನ್ ಕೆಂಡ, ಹೊಸ ಕಾಯಿಲ್ ಬರುವುದೇ ಬೆಳಿಗ್ಗೆ, ಬೆಳಿಗ್ಗೆ ಹಾಕಿದರಾಯಿತು ಅಂತ ಬಾನೆಟ್ ಮುಚ್ಚಿದಳು. ಬೆಳಿಗ್ಗೆ ಅಕ್ಕ ನೆತ್ತಿಯ ಮೇಲೆ ನಿಂತಳು, ಮೂರನೇದು ಅಂದಿದ್ದೆಯಲ್ಲೇ, ಅದಾಯ್ತಾ, ಅಪ್ಪ ಗಾಡಿಯಲ್ಲಿ ಎಷ್ಟೊತ್ತು ಮಲಗಿರಬೇಕು, ಬೇಗ ಮಾಡು ಕಣೇ — ಎರಡು ದಿನದಿಂದ ಬಾಯಲ್ಲಿ ಮೂರು, ಕಿವಿಯಲ್ಲಿ ಮೂರು, ಕೈ ಹೋದದ್ದೂ ಮೂರಕ್ಕೇ, ಗೆರೆ ಎಳೆದದ್ದು ಒಂದು ಗೂಡು ಬಿಟ್ಟು ಆಚೆ, ಒಂದನೇ ಗೂಡಿನಲ್ಲಿ ಕೂತು ನೋಡುತ್ತಿತ್ತು, ಅವಳು ನೋಡಲಿಲ್ಲ. ಗಟ್ಟಿಮುಟ್ಟಾದದ್ದನ್ನು ಕಿತ್ತು ಹೊಸದು ಹಾಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಂಜಿನ್ ತಣ್ಣಗಿತ್ತಲ್ಲ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಎಷ್ಟು ನುಣ್ಣಗೆ, ನೋಡಿದೆಯಾ ಅಂತ ಅಪ್ಪ ಹಿಂದಿನ ಸೀಟಿನಿಂದ ಅಕ್ಕನಿಗೆ ಹೆಮ್ಮೆಯಿಂದ ಹೇಳಿದರು.

ಒಂಬತ್ತೂ ನಲವತ್ತು. ಅಕ್ಕ ಅಪ್ಪನನ್ನು ಕರೆದುಕೊಂಡು ಹೊರಟದ್ದು ಒಂಬತ್ತಕ್ಕೆ. ಹಿಂದಿನ ಸೀಟಿನಲ್ಲಿ ಅಪ್ಪ ಉದ್ದಕ್ಕೆ ಒರಗಿದ್ದಾರೆ, ಸೊಂಟದ ಕೆಳಗೆ ಎರಡು ದಿಂಬು, ಮುರಿದ ಸೊಂಟದ ಮೂಳೆಗೆ ಐದು ತಿಂಗಳು ಕಾದು ಸಿಕ್ಕ ಆಪರೇಷನ್ನು, ಹನ್ನೆರಡರೊಳಗೆ ಸೇರಿಸದಿದ್ದರೆ ಹಾಸಿಗೆ ಬೇರೆಯವರಿಗೆ, ಆಸ್ಪತ್ರೆಯ ಗುಮಾಸ್ತೆ ಎರಡು ಸಲ ಹೇಳಿದ್ದಾಳೆ, ಆಸ್ಪತ್ರೆ ಬೆಟ್ಟದ ಆಚೆ. ಈಗ ಬುಡದಲ್ಲಿರಬಹುದು, ಏರು ಶುರುವಾಗಿರಬಹುದು, ಒಂದನೇ ಸಿಲಿಂಡರು ಕೈ ಕೊಡುತ್ತದೆ, ಗಾಡಿಯ ಕಂಪ್ಯೂಟರು ಅದಕ್ಕೆ ಪೆಟ್ರೋಲು ನಿಲ್ಲಿಸುತ್ತದೆ, ಉಳಿದ ಮೂರರಲ್ಲಿ ಆ ಏರು ಏರುವುದುಂಟೇ, ತಿರುವಿನಲ್ಲಿ ನಿಂತುಬಿಟ್ಟರೆ ಹಿಂದೆ ಲಾರಿಗಳು, ಅಕ್ಕ ಇಳಿದು ಕೈ ಬೀಸಬಹುದು, ಅಪ್ಪ ಇಳಿಯಲಾರರು, ದಿಂಬಿನ ಮೇಲೆ ಅಪ್ಪ. ಫೋನ್ ಮಾಡು. ಮಾಡುತ್ತೇನೆ, ಇದನ್ನು ಒಮ್ಮೆ ಮೀಟರಿನಲ್ಲಿ ನೋಡಿಬಿಡುತ್ತೇನೆ, ಯಾರಿಗೆ ಗೊತ್ತು, ಇದೂ ಹಾಳಾಗಿದ್ದರೆ, ಎರಡೂ ಹಾಳಾಗಿದ್ದರೆ, ತಪ್ಪು ಅರ್ಧ ಕಡಿಮೆ — ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಮುಳ್ಳಿಗೇನು, ಅದಕ್ಕೆ ಆಡಿಕೊಳ್ಳುವ ಅಕ್ಕ ಇಲ್ಲ.

ಅಕ್ಕ ಏನಂದಿದ್ದಳು, ಕಂಪನಿ ವರ್ಕ್‌ಶಾಪಿಗೆ ಬಿಡೋಣ ಅಪ್ಪ, ಇವಳದ್ದು ಹಳೇ ಗಾಡಿಗಳ ಕೈ, ಇದು ಕಂಪ್ಯೂಟರ್ ಗಾಡಿ. ಅಪ್ಪನಿಗೆ ಸಿಟ್ಟು ಬಂದಿತ್ತು, ಮನೇಲಿ ಮಗಳಿರೋವಾಗ ಕಂಡೋರ ಬಾಗಿಲಿಗೆ ಯಾಕೆ ಹೋಗ್ಬೇಕು. ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಒಂದು ಮತ್ತು ಮೂರರ ವ್ಯತ್ಯಾಸ ಗೊತ್ತಿಲ್ವೇನೇ ಅಂತ ಸಾಯುವ ತನಕ ಕೇಳುತ್ತಾಳೆ, ಮಕ್ಕಳ ಮುಂದೆ, ಬೀಗರ ಮುಂದೆ, ಕೇಳಲಿ, ಅಕ್ಕನಿಗೆ ಹೇಳಬಲ್ಲೆ, ಅಪ್ಪನಿಗೆ ಹೇಳುವುದು ಹೇಗೆ. ಅಲ್ಲ, ಹೇಳಲೇಬೇಕಾಗಿಲ್ಲವೇನೋ, ಇವತ್ತು ಮೋಡ, ಎಂಜಿನ್ ಅಷ್ಟು ಬಿಸಿಯಾಗದಿರಬಹುದು, ದಾಟಿಬಿಡಬಹುದು, ದಾಟಿದ ಮೇಲೆ ನಾಳೆ ಹೋಗಿ ಸದ್ದಿಲ್ಲದೆ ಬದಲಾಯಿಸಿದರೆ — ಥೂ, ಎಂಥವಳೇ ನೀನು. ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿದಳು, ಎಂಟು, ಹತ್ತು, ಹನ್ನೆರಡು, ಯಾಕೆ ಜೋಡಿಸುತ್ತಿದ್ದಾಳೆ, ಸ್ಕೂಟರಿನ ಕೀ ಜೇಬಿಗೆ ಹಾಕಿಕೊಂಡಳು, ತೆಗೆದಳು, ಕೈ ತೊಳೆದಳು, ಒದ್ದೆ ಕೈಯಲ್ಲಿ ಫೋನ್ ಹಿಡಿದಳು, ಒರೆಸಿಕೊಂಡು ಬರುತ್ತೇನೆ ಅಂತ ಮತ್ತೆ ಇಟ್ಟಳು. ಅಪ್ಪನ ಕಿವಿಗೆ ಗೊತ್ತಾಗಿರುತ್ತದೆ, ಪಕ್ಕದ ಬೀದಿಯಲ್ಲಿ ಹೋಗುವ ಗಾಡಿಯ ಸದ್ದಿಗೇ ಇದು ಮಿಸ್ ಹೊಡೀತಿದೆ ಅನ್ನುತ್ತಿದ್ದವರು, ದಿಂಬಿನ ಮೇಲೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿರುತ್ತಾರೆ, ಒಂದು ಬಡಿತ ತಪ್ಪಿತು, ಮತ್ತೊಂದು ತಪ್ಪಿತು, ಮುಖದಲ್ಲಿ ಏನೂ ತೋರಿಸುವುದಿಲ್ಲ. ಗಡಿಯಾರ ನೋಡಿದರೆ ಹತ್ತೂ ಹತ್ತು. ಅರ್ಧ ಗಂಟೆ. ಅರ್ಧ ಗಂಟೆ ಏನು ಮಾಡಿದೆ ನಾನು, ಸ್ಪ್ಯಾನರ್ ಜೋಡಿಸಿದೆ.

ಅಕ್ಕನ ನಂಬರು. ಮೊದಲ ರಿಂಗು ಪೂರ್ತಿಯಾಗಲೂ ಇಲ್ಲ, ಹೇಳಮ್ಮ ಅಂದರು, ಅಕ್ಕ ಅಲ್ಲ, ಅಪ್ಪ. ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು, ಅಪ್ಪಾ ನಾನು ತಪ್ಪು ಮಾಡ್ಬಿಟ್ಟೆ, ಹಾಳಾಗಿರೋದು ಒಂದರಲ್ಲೇ ಉಳಿದುಬಿಟ್ಟಿದೆ, ಏರು ಹತ್ತಬೇಡಿ, ಎಲ್ಲಿದ್ದೀರೋ ಅಲ್ಲೇ ನಿಲ್ಲಿಸಿ, ಚೆನ್ನಾಗಿರೋದು ನನ್ನ ಕೈಲೇ ಇದೆ, ಸ್ಕೂಟರಿನಲ್ಲಿ ಬರ್ತೀನಿ. ಹ್ಞೂಂ, ಬುಡದಲ್ಲೇ ನಿಲ್ಲಿಸಿದೀವಿ, ಅಂದರು ಅಪ್ಪ, ನಿಧಾನಕ್ಕೆ ಬಾ, ಆತುರ ಬೇಡ. ದನಿ ಹಲ್ಲು ಕಚ್ಚಿ ಬಂದದ್ದು, ಸೊಂಟ ನೋಯುವಾಗ ಅವರು ಹಾಗೇ ಮಾತಾಡುವುದು. ಹಿಂದಿನಿಂದ ಅಕ್ಕ ಕಿರುಚುತ್ತಿದ್ದಾಳೆ, ಮೂವತ್ತೈದು ನಿಮಿಷದಿಂದ ನಿಂತಿದೀವಿ ಕಣೇ, ನಿಂಗೆ ಫೋನ್ ಮಾಡ್ತೀನಿ ಅಂದ್ರೆ ಬಿಡ್ಲಿಲ್ಲ, ಬೇರೆ ಗಾಡಿ ಕರೆಸ್ತೀನಿ ಅಂದ್ರೂ ಬಿಡ್ಲಿಲ್ಲ, ನನ್ನ ಫೋನೇ ಕಿತ್ಕೊಂಡ್ರು, ಅವಳಿಗೇ ಗೊತ್ತಾಗತ್ತೆ, ಅವಳೇ ಮಾಡ್ತಾಳೆ, ಸುಮ್ನಿರು ಅಂತ. ಮೂವತ್ತೈದರಲ್ಲಿ ಮೂವತ್ತು ತನ್ನದು, ಕಾಯಿಲ್ ಜೇಬಿನಲ್ಲಿದೆ, ಕೀ ಕೈಯಲ್ಲಿದೆ, ಹೊರಡಬೇಕು, ಕಣ್ಣ ಮುಂದೆ ಆ ಮೂವತ್ತು ನಿಮಿಷ, ದಿಂಬಿನ ಮೇಲೆ ಅಪ್ಪ, ಕಣ್ಣು ಮುಚ್ಚಿಲ್ಲ, ಎರಡೂ ಕೈಯಲ್ಲಿ ಫೋನ್ ಹಿಡಿದಿದ್ದಾರೆ, ನೋಡುತ್ತಿದ್ದಾರೆ, ಅದರ ದೀಪ ಆರಿದೆ, ನೋಡುತ್ತಲೇ ಇದ್ದಾರೆ